ಎಣ್ಣೆನೀರಿನ ತೊಟ್ಟಿಯೂ ಒಂದು ದೀಪವೂ

ಮೇಷ್ಟ್ರು ತೀರಿಕೊಂಡರೆಂದು ಸೊರಬದಿಂದ ಫೋನು ಬಂದಾಗ ಪಕ್ಕದ ಸರ್ವೀಸ್ ಸ್ಟೇಷನ್ನಿನ ರುದ್ರಪ್ಪ ಕೇಳಿದ ಮೊದಲ ಮಾತು, "ಏನು, ಕರೆಂಟ್ ಹೊಡೀತಂತಾ?" ಎಂದು.

ಹೊಡೆದಿರಲಿಲ್ಲ. ಮಧ್ಯಾಹ್ನ ಊಟ ಮಾಡಿ, ಮೇಲೊಂದು ಲೋಟ ಮಜ್ಜಿಗೆ ಕುಡಿದು ಮಲಗಿದವರು ಏಳಲಿಲ್ಲ, ಅಷ್ಟೆ. ಬದುಕಿನುದ್ದಕ್ಕೂ ಅಷ್ಟು ನಿಷ್ಠೆಯಿಂದ ವಿದ್ಯುಚ್ಛಕ್ತಿಗೆ ಹೆದರಿಕೊಂಡು ಬಂದ ಮನುಷ್ಯನನ್ನು ಆ ಶಕ್ತಿ ಕೊನೆಗೂ ಮುಟ್ಟಲಿಲ್ಲ. ಇದರಿಂದ ನಮ್ಮಲ್ಲಿ ಕೆಲವರಿಗೆ ತುಸು ನಿರಾಶೆಯಾಯಿತೆಂದೂ, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲವೆಂದೂ ಇಲ್ಲಿ ದಾಖಲಿಸುತ್ತೇನೆ. ನನಗಾದದ್ದು ನಿರಾಶೆಯಲ್ಲ, ದಿಗಿಲು. ರುದ್ರಪ್ಪನ ಸ್ಟೇಷನ್ನಿನ ಎಣ್ಣೆನೀರಿನ ತೊಟ್ಟಿಯ ಶೆಡ್ಡಿನೊಳಗೆ ದಿನಾ ಸಂಜೆ ಒಬ್ಬ ಮುದುಕಿ ಬೆಂಕಿಕಡ್ಡಿ ಗೀರುತ್ತಾರೆ. ಗೀರಬಹುದು, ಗೀರಬಾರದು ಎಂದು ಹೇಳುತ್ತಿದ್ದವರು ಮೇಷ್ಟ್ರು ಒಬ್ಬರೇ.

ಶಿಕಾರಿಪುರ ದಾಟಿ ಸೊರಬದ ಕಡೆ ಹೋಗುವ ರಸ್ತೆಯಲ್ಲಿ ನನ್ನದೊಂದು ವೇಬ್ರಿಡ್ಜ್ ಇದೆ. ಮೆಕ್ಕೆಜೋಳದ ಲಾರಿ ಬರುತ್ತದೆ, ತೂಗುತ್ತೇನೆ, ಹೋಗುತ್ತದೆ. ತತ್ತ್ವಜ್ಞಾನಕ್ಕೆ ಬಿಡುವಿರುವ ಕಸುಬು. ಕಾಂಪೌಂಡಿನ ಆಚೆ ರುದ್ರಪ್ಪನ ಸರ್ವೀಸ್ ಸ್ಟೇಷನ್. ಲಾರಿ, ಟ್ರ್ಯಾಕ್ಟರುಗಳನ್ನು ಸೋಪುನೀರಿನಿಂದ ತೊಳೆಯುವುದು, ಗ್ರೀಸು ಹೊಡೆಯುವುದು, ಹಳೆಯ ಆಯಿಲ್ ಇಳಿಸಿ ಹೊಸದು ತುಂಬುವುದು ಅಲ್ಲಿಯ ಕೆಲಸ. ತೊಳೆದ ನೀರು ಚರಂಡಿ ಹಿಡಿದು ಕೆಳಗಿನ ಊರಿನ ಗದ್ದೆಗಳಿಗೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಹೀಗೆ ವರ್ಷಗಟ್ಟಲೆ ನಡೆದ ಮೇಲೆ ಒಂದು ಬೆಳಿಗ್ಗೆ ಆ ಊರಿನ ಹಾಲಮ್ಮ ಒಂದು ಬಿಂದಿಗೆ ನೀರು ಹೊತ್ತು ತಂದು ರುದ್ರಪ್ಪನ ಮೇಜಿನ ಮೇಲೆ ಕುಕ್ಕಿದಳು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣಗಳೆಲ್ಲ ತೇಲುತ್ತಿದ್ದವು.

"ನಮ್ಮ ಎಮ್ಮೆ ಇದನ್ನ ಮೂಸಿ ನೋಡಿ ಹಿಂದಕ್ಕೆ ಸರೀತು ಸಾವ್ಕಾರ್ರೆ. ನೀವು ಕುಡೀರಿ. ಎಮ್ಮೆಗಿಂತ ನಿಮಗೆ ಬುದ್ಧಿ ಹೆಚ್ಚೋ ಕಮ್ಮಿಯೋ ನೋಡಾಣ."

ರುದ್ರಪ್ಪ ಕುಡಿಯಲಿಲ್ಲ. ಹೀಗಾಗಿ ಬುದ್ಧಿಯ ಪ್ರಶ್ನೆ ಸಮಸಮವಾಗಿ ಉಳಿಯಿತು. ಆದರೆ ಊರವರು ಬಂದು ಚರಂಡಿಗೆ ಮಣ್ಣು ಸುರಿಯುತ್ತೇವೆ, ಸ್ಟೇಷನ್ನಿಗೆ ಬೀಗ ಹಾಕಿಸುತ್ತೇವೆ ಎಂದು ಹೇಳಿ ಹೋದರು. ಆ ಮೇಲೆಯೇ ಯಾರದೋ ಪರಿಚಯ ಹಿಡಿದು ಮೇಷ್ಟ್ರು ಬಂದದ್ದು.

ಐಟಿಐನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳಿ ನಿವೃತ್ತರಾಗಿದ್ದವರು. ಸಣಕಲು ಮೈ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೇಸಿಗೆಯಲ್ಲೂ ಕೈಯಲ್ಲಿ ಮರದ ಹಿಡಿಯ ಕೊಡೆ. ಕೊಡೆ ಮಳೆಗಲ್ಲವೆಂದು ನನಗೆ ಗೊತ್ತಾದದ್ದು ಅವರು ಮೊದಲ ಸಲ ನನ್ನ ಆಫೀಸಿಗೆ ಬಂದು, ಸೆಕೆಯೆಂದು ಫ್ಯಾನ್ ಹಾಕುವಾಗ. ಕೊಡೆಯನ್ನು ತಿರುಗಿಸಿ, ಅದರ ಮರದ ಹಿಡಿಯಿಂದ ಸ್ವಿಚ್ಚು ಒತ್ತಿದರು. ಒತ್ತುವಾಗ ಮುಖವನ್ನು ಆ ಕಡೆ ತಿರುಗಿಸಿಕೊಂಡಿದ್ದರು.

"ಏನ್ ಮೇಷ್ಟ್ರೇ ಇದು?"

"ನಿಮ್ಮ ಸ್ವಿಚ್ಚಿನ ಪರಿಚಯ ಇನ್ನೂ ಆಗ್ಲಿಲ್ಲ ಮಾರಾಯ್ರೇ."

ಪರಿಚಯವಾದ ಮೇಲೂ ಆ ಪದ್ಧತಿ ಬದಲಾಗಲಿಲ್ಲ. ಯಾವ ಲೋಹವನ್ನಾದರೂ ಮೊದಲು ಅಂಗೈಯಿಂದ ಮುಟ್ಟುವುದಿಲ್ಲ, ಬೆರಳಿನ ಹಿಂಬದಿಯಿಂದ. ಅಂಗೈಯಿಂದ ಮುಟ್ಟಿದರೆ ಕರೆಂಟಿಗೆ ಕೈ ಮುಚ್ಚಿಕೊಂಡು ಬಿಡುತ್ತದಂತೆ, ಬಿಡಿಸಿಕೊಳ್ಳಲಾಗುವುದಿಲ್ಲವಂತೆ. ಕೆಲಸ ಮಾಡುವಾಗ ಎಡಗೈ ಬೆನ್ನ ಹಿಂದೆ. ಎರಡೂ ಕೈ ಮುಂದಿದ್ದರೆ ಕರೆಂಟು ಒಂದರಿಂದ ಒಳಗೆ ಬಂದು ಎದೆ ಹಾದು ಇನ್ನೊಂದರಿಂದ ಹೊರಗೆ ಹೋಗಲು ದಾರಿಯಾಗುತ್ತದಂತೆ. ಅವರು ಹಾಗೆ ನಿಂತಿರುವುದನ್ನು ಮೊದಲ ದಿನ ನೋಡಿದ ಲಾರಿ ತೊಳೆಯುವ ನಜೀರ, "ದೊಡ್ಡ ಸಾಹೇಬ್ರು, ಒಂದೇ ಕೈಯಾಗೆ ಕೆಲ್ಸ ಮಾಡ್ತಾರೆ" ಎಂದು ಗೌರವ ಕೊಡಲು ಶುರುಮಾಡಿದ. ಕಾರಣ ತಿಳಿದ ಮೇಲೆ ಗೌರವ ಹೋಗಿ ಅವನಿಗೂ ಎದೆ ಡವಗುಟ್ಟಲಾರಂಭಿಸಿತು. ಇನ್ನೊಂದು ಪದ್ಧತಿ: ತೊಟ್ಟಿಗೆ ಕೈ ಹಾಕುವ ಮೊದಲು ಮೇನ್ ಆಫ್ ಮಾಡಿ, ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುವುದು. ತಾನು ತೊಟ್ಟಿಯಲ್ಲಿರುವಾಗ ಯಾವ ಪುಣ್ಯಾತ್ಮನೂ ಬಂದು ಸ್ವಿಚ್ ಹಾಕದಿರಲಿ ಎಂದು. ಒಮ್ಮೆ ಆ ಫ್ಯೂಸಿನ ಸಮೇತ ಬಸ್ಸು ಹತ್ತಿ ಸೊರಬಕ್ಕೆ ಹೋಗಿಬಿಟ್ಟರು. ಮಾರನೆಯ ದಿನ ಅವರು ಬರುವವರೆಗೆ ಸರ್ವೀಸ್ ಸ್ಟೇಷನ್ನು ಮೌನವ್ರತದಲ್ಲಿತ್ತು.

ಇಷ್ಟು ಹೆದರುವವರು ಅದೇ ಕೆಲಸಕ್ಕೆ ಯಾಕೆ ಬಂದರು? ನಾನು ಕೇಳಿದೆ. ಚಿಕ್ಕಂದಿನಲ್ಲಿ ಕಂಬದ ಮೇಲೆ ಲೈನ್‌ಮನ್ನೊಬ್ಬ ಜೋತುಬಿದ್ದದ್ದನ್ನು ನೋಡಿದೆ ಎಂದರು. ನಜೀರನೂ ಕೇಳಿದನಂತೆ. ಅವನಿಗೆ, ಮದುವೆಯ ಚಪ್ಪರದಲ್ಲಿ ಸೀರಿಯಲ್ ಲೈಟು ಕಟ್ಟುವಾಗ ತನಗೇ ಹೊಡೆದದ್ದರ ಕಥೆ ಸಿಕ್ಕಿತು. ಯಾವುದು ನಿಜವೋ. ಎರಡೂ ಇರಬಹುದು, ಎರಡೂ ಅಲ್ಲದಿರಬಹುದು. ಅಂಜಿಕೆ ದೊಡ್ಡದು, ಕಾರಣ ಆಮೇಲೆ ಹುಡುಕಿಕೊಂಡದ್ದು ಎಂದು ನನ್ನ ಅನುಮಾನ.

ಇನ್ನು ಆ ತೊಟ್ಟಿಯ ವಿಚಾರ. ಸೋಪು ಬೆರೆತ ಎಣ್ಣೆನೀರು ಹಾಲಿನ ಹಾಗೆ. ಬಿಟ್ಟರೆ ತಾನಾಗಿ ಬೇರೆಯಾಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಮೇಷ್ಟ್ರು ಒಂದು ಸಿಮೆಂಟ್ ತೊಟ್ಟಿಯಲ್ಲಿ ಅಲ್ಯೂಮಿನಿಯಂ ತಗಡುಗಳನ್ನು ಪುಸ್ತಕದ ಹಾಳೆಗಳಂತೆ ಹತ್ತಿರ ಹತ್ತಿರ ನಿಲ್ಲಿಸಿ, ಅವುಗಳಿಗೆ ಸಣ್ಣ ವೋಲ್ಟೇಜಿನ ಕರೆಂಟು ಕೊಟ್ಟರು. ತಗಡು ಚೂರುಚೂರೇ ಕರಗಿ, ಪಟಿಕ ಕೆಸರನ್ನು ಹಿಡಿಯುವಂತೆ ಎಣ್ಣೆಯ ಹನಿಗಳನ್ನು ಹಿಡಿದು ಮುದ್ದೆ ಮಾಡುತ್ತದೆ. ಅದೇ ಹೊತ್ತಿಗೆ ತಗಡಿನಿಂದ ಸಣ್ಣಸಣ್ಣ ಗುಳ್ಳೆಗಳು ಎದ್ದು ಆ ಮುದ್ದೆಯನ್ನು ಹೊತ್ತು ಮೇಲೆ ಬರುತ್ತವೆ. ಮೇಲೆ ಕರೀ ನೊರೆ, ಕೆಳಗೆ ತಿಳಿನೀರು. ನೊರೆಯನ್ನು ಹಲಗೆಯಿಂದ ಕೆರೆದು ಡ್ರಮ್ಮಿಗೆ ಹಾಕಿದರೆ ಮುಗಿಯಿತು.

"ಬಿಲ್ಲೆಷ್ಟು ಬರ್ತದ್ರೀ?" ಎಂದು ರುದ್ರಪ್ಪ ಕೇಳಿದ. ಅವನ ಅಂಜಿಕೆ ಅದೊಂದೇ.

"ಬಿಲ್ಲಿಗೆ ಹೆದರ್ಬೇಡಿ ಮಾರಾಯ್ರೇ. ಹೆದರೋಕೆ ಬೇರೆ ಬೇಕಾದಷ್ಟಿದೆ."

ತಗಡುಗಳ ನಡುವಿನ ಸಂದು ಕಡಿಮೆ ಮಾಡಿದರು, ನೀರಿಗೆ ಒಂದು ಹಿಡಿ ಉಪ್ಪು ಹಾಕಿದರು, ಆಗಾಗ ಕರೆಂಟಿನ ದಿಕ್ಕು ತಿರುಗಿಸಿ ತಗಡಿಗೆ ಪಾಚಿಯಂಥದು ಕೂರದ ಹಾಗೆ ನೋಡಿಕೊಂಡರು. ವೋಲ್ಟೇಜು ಇಳಿಯುತ್ತಾ ಹೋಯಿತು, ಮೀಟರು ನಿಧಾನವಾಯಿತು. ಮೇಷ್ಟ್ರು ಜೀವಭಯದಿಂದಲೂ ರುದ್ರಪ್ಪ ಜಿಪುಣತನದಿಂದಲೂ ಹೊರಟು ಒಂದೇ ವೋಲ್ಟೇಜಿಗೆ ಬಂದು ತಲುಪಿದ್ದು ನಮ್ಮ ತಾಲ್ಲೂಕಿನ ಕೈಗಾರಿಕಾ ಇತಿಹಾಸದ ಒಂದು ಮಹತ್ವದ ಘಟನೆ. ಚರಂಡಿಯ ನೀರು ತಿಳಿಯಾಯಿತು. ಹಾಲಮ್ಮನ ಎಮ್ಮೆ ಕುಡಿಯಿತೆಂದು ಸುದ್ದಿ ಬಂತು.

ಆಗ ಮೇಷ್ಟ್ರು ಹೊಸದಾಗಿ ಹೆದರಲು ಶುರುಮಾಡಿದರು. ಈ ಸಲ ಗುಳ್ಳೆಗೆ.

"ಆ ಗುಳ್ಳೆಯೊಳಗೆ ಇರೋದು ನಾವು ಉಸಿರಾಡೋ ಗಾಳಿ ಅಲ್ಲ. ಹೈಡ್ರೋಜನ್. ಹಗುರ. ಮೇಲೆ ಹೋಗ್ತದೆ. ಬಯಲಲ್ಲಾದ್ರೆ ಹೋಯ್ತು, ಮುಗೀತು. ಮಾಡಿನಡಿ ನಿಂತ್ಕೊಂಡ್ರೆ?"

"ನಿಂತ್ಕೊಂಡ್ರೆ ಏನಾಗ್ತದೆ?" ಎಂದೆ.

"ಒಂದು ಕಿಡಿ ಸಾಕು."

"ಒಂದ್ಸಲ ಮಾಡಿ ತೋರಿಸ್ರಲ್ಲ, ನೋಡಾಣ."

"ತೋರಿಸೋದೇ ಬೇಡ ಅಂತ ಅಲ್ದಾ ನಾನು ಹೇಳ್ತಿರೋದು?"

ತೋರಿಸುವ ಕೆಲಸವನ್ನು ನಜೀರ ಮಾಡಿದ. ಮೇಷ್ಟ್ರು ಟೀ ಕುಡಿಯಲು ಹೋದಾಗ ಒಂದು ಮಗ್ಗಿನಲ್ಲಿ ಆಗಷ್ಟೇ ಎದ್ದ ನೊರೆಯನ್ನು ಮೊಗೆದು, ಬಯಲಿಗೆ ತಂದು, ಬೀಡಿಯ ಲೈಟರನ್ನು ಹತ್ತಿರ ಹಿಡಿದ. ಫಟ್ಟೆಂದು ಸದ್ದಾಯಿತು. ಮಗ್ಗು ಒಂದು ಕಡೆ, ನಜೀರ ಒಂದು ಕಡೆ. ಅವನ ಒಂದು ಹುಬ್ಬು ಸುಟ್ಟಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸದ್ದು ಕೇಳಿ ಓಡಿಬಂದ ಮೇಷ್ಟ್ರು ಮಾತ್ರ ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತರು. "ಅದು ಒಂದು ಮಗ್ಗು," ಎಂದರು. ಎಲ್ಲರ ಕಣ್ಣೂ ತೊಟ್ಟಿಯ ಕಡೆ ಹೋದವು.

ಹೆದರಿಕೆ ಅಂಟುಜಾಡ್ಯ. ಮನೆಯಲ್ಲಿ ಸ್ಟೋವ್ ಹಚ್ಚುವ ಮೊದಲು ನಾನು ಕಿಟಕಿ ತೆರೆಯತೊಡಗಿದೆ. ಗೀಸರಿನ ಸ್ವಿಚ್ಚಿಗೆ ಒಣ ಟವೆಲ್ಲು ಬಳಸಿದೆ. "ಆ ಮೇಷ್ಟ್ರ ಸಹವಾಸ ಮಾಡಿ ನೀವೂ ಹೋದ್ರಿ," ಎಂದು ನನ್ನ ಹೆಂಡತಿ ಘೋಷಿಸಿದಳು. "ನಾಳೆಯಿಂದ ನನ್ನೂ ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡ್ತೀರೇನೋ."

ಮುಂದಿನ ಮಳೆಗಾಲಕ್ಕೆ ರುದ್ರಪ್ಪ ತೊಟ್ಟಿಯ ಸುತ್ತ ತಗಡಿನ ಶೆಡ್ಡು ಹಾಕಿಸಿದ. ಗಾಳಿಗೆ ನೊರೆ ಹಾರಿ ತೊಳೆದ ಲಾರಿಗಳ ಮೇಲೆ ಕೂರುತ್ತಿತ್ತು, ಅಲ್ಯೂಮಿನಿಯಂ ತಗಡಿಗೆ ಕಳ್ಳರ ಕಾಟವೂ ಇತ್ತು, ಅವನದೂ ತಪ್ಪಲ್ಲ. ಆ ಹೈಡ್ರೋಜನ್ ಹೊರಗೆ ಹೋಗಲು ಮಾಡಿನ ಕೆಳಗೆ ಸುತ್ತ ಒಂದು ಗೇಣು ಸಂದು ಬಿಡಬೇಕೆಂದು ಮೇಷ್ಟ್ರು ಹಟ ಹಿಡಿದು ಬಿಡಿಸಿದರು. ಆ ಸಂದಿನಲ್ಲಿ ಪಾರಿವಾಳಗಳು ಸಂಸಾರ ಹೂಡಿದವು.

ಆ ವರ್ಷದ ಆಯುಧಪೂಜೆಗೆ ರುದ್ರಪ್ಪ ಕೆಳಗಿನ ಊರಿನವರನ್ನೆಲ್ಲ ಕರೆದ. ಯಂತ್ರ ನಡೆಯುವುದನ್ನು ಅವರು ಕಣ್ಣಾರೆ ನೋಡಬೇಕು, ಅದಕ್ಕೆ ಆರತಿಯಾಗಬೇಕು, ಹಳೇ ಜಗಳ ಮುಗಿಯಬೇಕು ಎಂಬುದು ಲೆಕ್ಕ. ಹಾಗಾಗಿ ಎಲ್ಲರ ಮನೆಯ ಯಂತ್ರಗಳೂ ವಿಶ್ರಾಂತಿ ಪಡೆಯುವ ದಿನ ಈ ತೊಟ್ಟಿ ಮಾತ್ರ ಬೆಳಗಿನಿಂದ ಬುಳುಬುಳು ಎನ್ನುತ್ತಿತ್ತು. ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಹಬ್ಬದ ದಿನ, ಸೊರಬದ ಬಸ್ಸುಗಳು ತುಂಬಿ ಬರುತ್ತಿದ್ದವು.

ಶೆಡ್ಡಿನೊಳಗೆ ನಾವು ಉಸಿರಾಡಲು ಜಾಗವಿಲ್ಲದಷ್ಟು ಜನ. ರುದ್ರಪ್ಪ ರೇಷ್ಮೆ ಪಂಚೆಯಲ್ಲಿ, ಹಾಲಮ್ಮ ಹೊಸ ಸೀರೆಯಲ್ಲಿ, ತೊಟ್ಟಿಗೆ ಚೆಂಡುಹೂವಿನ ಹಾರ. ಕುಂಬಳಕಾಯಿಯ ಮೇಲೆ ಕರ್ಪೂರವಿಟ್ಟುಕೊಂಡು ನಿಂತವರು ರುದ್ರಪ್ಪನ ತಾಯಿ. ಎಂಬತ್ತು ದಾಟಿದ, ಹಣೆ ತುಂಬ ವಿಭೂತಿಯ, ಸುತ್ತಿನವರೆಲ್ಲ ಅವ್ವ ಎಂದು ಕರೆಯುವ ಹೆಂಗಸು. ಬಾಗಿಲಿನಿಂದ ಬೀಸಿದ ಗಾಳಿಗೆ ಕಡ್ಡಿ ಗೀರಿದ್ದೆಲ್ಲ ಆರುತ್ತಿತ್ತು.

"ಬಾಗ್ಲ ಹಾಕ್ರೋ," ಎಂದರು ಅವ್ವ.

ಹಾಕಿದರು. ಒಳಗೆ ಕತ್ತಲಾಯಿತು. ನಾನು ಸುಮ್ಮನೆ ಮೇಲೆ ನೋಡಿದೆ. ಮಾಡಿನ ಸಂದು ಇರಲಿಲ್ಲ. ಅದಿದ್ದ ಕಡೆ ಸುತ್ತ ಹೊಸ ತಗಡು ಹೊಳೆಯುತ್ತಿತ್ತು. "ಪಾರಿವಾಳ ಹಿಕ್ಕೆ ಹಾಕ್ತಾವ್ರೀ, ಜನ ಬರೋ ದಿವ್ಸ..." ಎಂದು ರುದ್ರಪ್ಪ ನನ್ನ ಕಿವಿಯಲ್ಲಿ ಹೇಳುತ್ತಿದ್ದ. ನಾನು ಜನರನ್ನು ತಳ್ಳಿಕೊಂಡು ಅವ್ವನ ಕಡೆ ನುಗ್ಗಲು ನೋಡಿದೆ. ಅವ್ವ ಪೆಟ್ಟಿಗೆಯಿಂದ ಇನ್ನೊಂದು ಕಡ್ಡಿ ತೆಗೆಯುತ್ತಿದ್ದರು.

ಬಾಗಿಲು ದಡಾರನೆ ತೆರೆಯಿತು.

"ಹಾವು! ತೊಟ್ಟಿ ಹಿಂದೆ ಹಾವು! ಓಡಿ, ಎಲ್ಲ ಹೊರಗೆ ಓಡಿ!"

ಮೇಷ್ಟ್ರ ದನಿ ಅಷ್ಟು ದೊಡ್ಡದೆಂದು ಯಾರಿಗೂ ಗೊತ್ತಿರಲಿಲ್ಲ. ಮುಂದಿನದನ್ನು ಕ್ರಮವಾಗಿ ಹೇಳಲಾರೆ. ಕುಂಬಳಕಾಯಿ ಬಿತ್ತು, ತೆಂಗಿನಕಾಯಿ ಉರುಳಿದವು, ರುದ್ರಪ್ಪ ಬಂದ, ಪಂಚೆ ಆಮೇಲೆ ಬಂತು. ಹಾಲಮ್ಮ ಅವ್ವನನ್ನು ಕೂಸಿನ ಹಾಗೆ ಎತ್ತಿಕೊಂಡು ರಸ್ತೆಯವರೆಗೂ ಓಡಿದಳು. ಪಂಚಾಯ್ತಿ ಕೂತರೂ ಆಗದಿದ್ದ ರಾಜಿ ಆ ಓಟದಲ್ಲಿ ಆಗಿಹೋಯಿತು. ಮೇಷ್ಟ್ರು ಹೊರಗಿನ ಮೀಟರ್ ಬೋರ್ಡಿನಿಂದ ಫ್ಯೂಸು ಕಿತ್ತು, ಬಾಗಿಲುಗಳನ್ನೆಲ್ಲ ಹಾರುಹೊಡೆದು, ಬಂದು ನನ್ನ ವೇಬ್ರಿಡ್ಜಿನ ಮೇಲೆ ಕೂತುಬಿಟ್ಟರು. ಆಫೀಸಿನೊಳಗೆ ತೂಕ ತೋರಿಸುವ ಪರದೆಯ ಮೇಲಿನ ಅಂಕಿ ಒಂದು ಕಡೆ ನಿಲ್ಲದೆ ನಡುಗುತ್ತಿತ್ತು.

"ಎಲ್ಲಿತ್ರೀ ಹಾವು?" ಎಂದು ಮೆಲ್ಲಗೆ ಕೇಳಿದೆ.

"ಹೈಡ್ರೋಜನ್ ಅಂದಿದ್ರೆ ಯಾರು ಓಡ್ತಿದ್ರು ಹೇಳಿ? ಅದೆಂತ ಅಂತ ಕೇಳ್ತಾ ಅಲ್ಲೇ ನಿಲ್ತಿದ್ರು."

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸಂಜೆಯೊಳಗೆ ಹಾವನ್ನು ಕಂಡವರ ಸಂಖ್ಯೆ ಏರತೊಡಗಿತು. ನಜೀರ ಬಾಲ ಕಂಡಿದ್ದ. ಕೆಳಗಿನ ಊರಿನವರು ಹೆಡೆ ಕಂಡಿದ್ದರು. ಅವ್ವ ಇಡೀ ಹಾವನ್ನೇ, ತೊಟ್ಟಿಗೆ ಸುತ್ತಿಕೊಂಡು ಹೆಡೆಯೆತ್ತಿ ತನ್ನನ್ನೇ ನೋಡುತ್ತಿದ್ದುದನ್ನು ಕಂಡಿದ್ದರು. ಪೂಜೆಯ ಹೊತ್ತಿಗೆ ಶಿವನ ಕೊರಳಿನದೇ ಬಂದು ದರ್ಶನ ಕೊಟ್ಟಿತೆಂದ ಮೇಲೆ ಸುಮ್ಮನಿರಲಾಗುತ್ತದೆಯೇ? ಅದು ಕಾಣಿಸಿದ ಮೂಲೆಯಲ್ಲಿ, ತೊಟ್ಟಿಯ ಪಕ್ಕದಲ್ಲೇ, ದಿನಾ ಸಂಜೆ ದೀಪ ಹಚ್ಚುತ್ತೇನೆಂದು ಅವ್ವ ತೀರ್ಮಾನಿಸಿದರು.

ಮೇಷ್ಟ್ರ ಮುಖ ನೋಡಲಾಗುತ್ತಿರಲಿಲ್ಲ. ಒಂದು ದಿನದ ಬೆಂಕಿ ತಪ್ಪಿಸಲು ಹೋಗಿ ದಿನದಿನದ ಬೆಂಕಿಯನ್ನು ತಾವೇ ಮನೆಗೆ ಕರೆದಿದ್ದರು. ಮಾರನೆಯ ದಿನ ನನ್ನನ್ನೂ ಜೊತೆಗೆ ಎಳೆದುಕೊಂಡು ಹೋಗಿ ಅವ್ವನ ಮುಂದೆ ನಿಂತರು.

"ಅಮ್ಮಾ, ನಾನು ಸುಳ್ಳು ಹೇಳಿದ್ದು. ಹಾವು ಇರ್ಲಿಲ್ಲ. ಬೈಯೋದಾದ್ರೆ ಬೈಯಿರಿ. ದೀಪ ಮಾತ್ರ ಅಲ್ಲಿ ಬೇಡ." ಗುಳ್ಳೆ, ಗಾಳಿ, ಮಾಡು, ಕಿಡಿ, ಎಲ್ಲವನ್ನೂ ಐಟಿಐ ಹುಡುಗರಿಗೆ ಹೇಳುವ ಹಾಗೆ ಹೇಳಿದರು.

ಅವ್ವ ಪೂರ್ತಿ ಕೇಳಿಸಿಕೊಂಡರು. "ಆ ಗಾಳಿ ನೀವು ಕಂಡೀರೇನ್ರಿ?"

"ಅದು ಕಾಣೋದಿಲ್ಲಮ್ಮ. ಬಣ್ಣ ಇಲ್ಲ, ವಾಸನೆ ಇಲ್ಲ."

"ಆದ್ರೂ ಐತಿ ಅಂತೀರಿ."

"ಇದೆ."

"ಹಂಗಾದ್ರ ನಿಮಗ ಕಾಣ್ಲಿಲ್ಲ ಅಂದಮಾತ್ರಕ್ಕ ನನ್ನ ಹಾವು ಇಲ್ಲ ಅಂತ ಹೆಂಗಾತು? ನಿಮ್ಮ ಗಾಳೀನ ನಾನು ನಂಬ್ತೀನಿ, ನನ್ನ ಹಾವನ್ನ ನೀವು ನಂಬ್ರಿ. ಹೇಳ್ರಿ, ಹೆಂಗ ಹಚ್ಚಬೇಕು?"

ಮೇಷ್ಟ್ರು ಬೆರಳು ಮಡಚಿ ಷರತ್ತುಗಳನ್ನು ಎಣಿಸಿದರು. ಒಪ್ಪಂದವಾಯಿತು. ಸಂಜೆ ಯಂತ್ರ ನಿಲ್ಲಬೇಕು. ಎರಡೂ ಕಡೆಯ ಬಾಗಿಲು ತೆರೆದಿರಬೇಕು. ಮೇಷ್ಟ್ರು ಸರಿ ಎಂದ ಮೇಲೆಯೇ ದೀಪ. ದೀಪ ಆರಿದ ಮೇಲೆಯೇ ಯಂತ್ರ. ಮಾಡಿನ ಸಂದು ತೆರೆಸಲು ರುದ್ರಪ್ಪನನ್ನು ಎಷ್ಟು ಕೇಳಿಕೊಂಡರೂ, "ಪಾರಿವಾಳಕ್ಕೆ ಬಲೆ ತರಿಸಿ ತೆಗೆಸ್ತೀನ್ರಿ" ಎನ್ನುತ್ತಲೇ ಇದ್ದ. ಅದೇ ರುದ್ರಪ್ಪ ಅವ್ವನ ದೀಪಕ್ಕೆ ಬಾಗಿಲು ತೆರೆಯುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಮೇಷ್ಟ್ರು ಭಾನುವಾರವೂ ಬರತೊಡಗಿದರು. ಜ್ವರ ಬಂದಾಗಲೂ ಮಫ್ಲರ್ ಸುತ್ತಿಕೊಂಡು ಬಂದರು. ನಾನು ಈ ಕಡೆಯಿಂದ ನೋಡುತ್ತಿದ್ದೆ: ಅವ್ವ ಬತ್ತಿ ಹಿಡಿದು ಒಳಗೆ ಹೋಗುವರು, ಸ್ವಲ್ಪ ಹೊತ್ತಿಗೆ ಬೆಳಕು ಕಾಣುವುದು, ನಾನು ಉಸಿರು ಬಿಡುವೆ. ಮೇಷ್ಟ್ರು ಆ ಹೊತ್ತಿನಲ್ಲಿ ಎಲ್ಲಿರುತ್ತಿದ್ದರೋ ಗಮನಿಸಿರಲಿಲ್ಲ. ದೂರದಲ್ಲೆಲ್ಲೋ, ಕಂಬದ ಮರೆಯಲ್ಲಿ ಇರುತ್ತಾರೆಂದೇ ಅಂದುಕೊಂಡಿದ್ದೆ. ಅವರ ಸ್ವಭಾವಕ್ಕೆ ಅದೇ ಒಪ್ಪುತ್ತಿತ್ತು.

ಮೇಷ್ಟ್ರು ತೀರಿಕೊಂಡ ಮೇಲೆ ಅವರ ಕ್ರಿಯಾಕರ್ಮಗಳು ಮುಗಿಯುವವರೆಗೆ ರುದ್ರಪ್ಪ ಯಂತ್ರ ನಿಲ್ಲಿಸಿದ್ದ. ಅಷ್ಟು ದಿನ ಅವ್ವನೂ ದೀಪ ಹಚ್ಚಲಿಲ್ಲ. ಮತ್ತೆ ಶುರುವಾದ ದಿನ ಸಂಜೆ ನಜೀರ ಬಂದು, "ಅವ್ವ ನಿಮ್ಮುನ್ನ ಕರೀತೈತ್ರೀ" ಎಂದ. ಹೋದೆ. ರುದ್ರಪ್ಪ ಶಿವಮೊಗ್ಗಕ್ಕೆ ಹೋಗಿದ್ದ. ಹೊರಗಿನ ಮೇನ್ ಆಫ್ ಆಗಿತ್ತು, ಬಾಗಿಲುಗಳು ತೆರೆದಿದ್ದವು. ಅವ್ವ ಎಣ್ಣೆಯಲ್ಲಿ ಅದ್ದಿದ ಬತ್ತಿಯನ್ನು ಬೆರಳಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು.

"ಇನ್ನ ಮ್ಯಾಲೆ ನೀವು ಹೇಳ್ರಿ. ಹಚ್ಚಲೇನು?"

ನಾನು ಲಾರಿ ತೂಗುವವನು. ಗಾಳಿಯನ್ನು ತೂಗುವ ಯಂತ್ರ ನನ್ನಲ್ಲಿಲ್ಲ. ಆದರೂ ಒಳಗೆ ಹೋಗಿ ಮೇಲೆ ನೋಡಿದೆ. ಮಾಡಿನಡಿ ಕತ್ತಲು. ತೊಟ್ಟಿಯ ಮೇಲಿನ ನೊರೆಯಲ್ಲಿ ಆಗೊಂದು ಈಗೊಂದು ಗುಳ್ಳೆ ಒಡೆಯುತ್ತಿತ್ತು. ಹೊರಗೆ ಬಂದೆ. ಎಲೆ ಅಲುಗಾಡುತ್ತಿರಲಿಲ್ಲ.

"ಇನ್ನೊಂದು ಸ್ವಲ್ಪ ತಾಳ್ರಿ ಅವ್ವಾ."

ತಾಳಿದರು. ಇನ್ನೊಂದು ಸ್ವಲ್ಪ ಎಂದೆ. ಅದಕ್ಕೂ ತಾಳಿದರು. ನಜೀರ ನಗಲಿಲ್ಲ. ಗಾಳಿ ಒಂದಿಷ್ಟು ಎದ್ದು ಶೆಡ್ಡಿನ ಆ ಬಾಗಿಲಿನಿಂದ ಈ ಬಾಗಿಲಿಗೆ ಹಾದುಹೋಯಿತು. ನಮ್ಮ ಮುಖಕ್ಕೆ ತಣ್ಣಗೆ ತಾಗಿತು.

"ಈಗ ಹಚ್ಚಬಹುದು," ಎಂದೆ.

ಅವ್ವ ಅಲುಗಲಿಲ್ಲ. "ನನಗೂ ಹೆದರಿಕೀರೀ," ಎಂದರು. "ಮೊದಲಿಂದಾನೂ. ಕಣ್ಣು ಮುಚ್ಚಿಕೊಂಡೇ ಕಡ್ಡಿ ಗೀರ್ತಿದ್ದೆ. ಮೇಷ್ಟ್ರು ಪಕ್ಕದಾಗೆ ನಿಂತಿರ್ತಿದ್ರಲ್ಲ, ಹಂಗಾಗಿ ನಡೀತು."

"ಎಲ್ಲಿ? ಒಳಗಾ?"

"ಮತ್ತೆಲ್ಲಿ? ಆಗಿದ್ದು ಇಬ್ರಿಗೂ ಆಗ್ಲಿ ಅಮ್ಮಾ ಅಂತಿದ್ರು. ಕೊಡೀನ ಎದೀಗೆ ಅವಚಿಕೊಂಡು ನಿಲ್ತಿದ್ರು ಪಾಪ, ಅವರಿಗೂ ಹೆದರಿಕೆ ಅಂತ ನನಗ ಗೊತ್ತಾಗ್ತಿತ್ತು."

ನಾನು ಚಪ್ಪಲಿ ಬಿಟ್ಟು ಅವರ ಹಿಂದೆ ಒಳಗೆ ಹೋದೆ. ಮೂಲೆಯಲ್ಲಿ ನಿಂತೆವು. ಅವ್ವ ಪೆಟ್ಟಿಗೆ ತೆರೆದು ಕಡ್ಡಿ ತೆಗೆದರು, ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. ಕಡ್ಡಿ ಗೀರಿದ ಸದ್ದು ಕೇಳಿಸಿತು.